ಕೋರಾಳ ಮೊದಲ ಕೇಸು

ತನ್ನ ಕಕ್ಷಿದಾರಳೇ ಸುಳ್ಳು ಹೇಳಿದ್ದಾಳೆಂದು ಕೋರಾಳಿಗೆ ಗೊತ್ತಾದದ್ದು ವಿಚಾರಣೆಗೆ ಹತ್ತು ನಿಮಿಷ ಮೊದಲು, ಅಮೆರಿಕದ ಬಫಲೋ ನಗರದ ಕೋರ್ಟಿನ ಮೊಗಸಾಲೆಯಲ್ಲಿ.

ಮನೆ ಖಾಲಿ ಮಾಡುವ ನೋಟಿಸು ಗಡುವಿಗೆ ತಿಂಗಳ ಮೊದಲೇ ಕೈಸೇರಿತ್ತು ಎಂದಿದ್ದಳು ಮುದುಕಿ ವಾಂಡಾ. ಈಗ ಅವಳ ಮಗ ರೇ ಅದರ ಲಕೋಟೆಯನ್ನೇ ತಂದುಕೊಟ್ಟ. ಅಂಚೆ ಮುದ್ರೆಯ ಪ್ರಕಾರ ನೋಟಿಸು ಹೊರಟದ್ದೇ ಗಡುವಿಗೆ ಒಂಬತ್ತು ದಿನ ಮೊದಲು. ಕಾನೂನಿನ ಪ್ರಕಾರ ತಿಂಗಳ ಮೊದಲೇ ನೋಟಿಸು ಕೊಡಬೇಕು; ಮನೆ ಮಾಲೀಕ ಹಾಕಿದ ಕೇಸು ವಜಾ ಆಗಲು ಇದೊಂದೇ ಸಾಕು.

"ಅಮ್ಮ ಇದನ್ನ ಕಸಕ್ಕೆ ಹಾಕಿದ್ಲು ಮೇಡಂ. ವಯಸ್ಸಾಯ್ತು ನೋಡಿ," ಎಂದು ರೇ ತಾಯಿಯ ಹೆಗಲು ಬಳಸಿದ. ವಾಂಡಾ ನೆಲ ನೋಡುತ್ತಿದ್ದಳು.

ಕೋರಾಳ ಮೈಯೆಲ್ಲ ಉರಿಯಿತು. ಅವಳಿನ್ನೂ ಕಾನೂನು ಕಾಲೇಜಿನ ಕೊನೆಯ ವರ್ಷದವಳು. ಪ್ರೊಫೆಸರ್ ಪಕ್ಕದಲ್ಲಿದ್ದು, ಕಕ್ಷಿದಾರರು ಬರೆದು ಒಪ್ಪಿದರೆ ಮಾತ್ರ ವಾದಿಸಬಹುದು. ಪ್ರೊಫೆಸರ್ ಹ್ಯಾಲೋರನ್ ತಾವೇ ವಾದಿಸುತ್ತೇನೆಂದರೂ ವಾಂಡಾ ಕೇಳಿರಲಿಲ್ಲ. "ಈ ಹುಡುಗಿ ಇನ್ನೂ ಒಂದು ಕೇಸೂ ನಡೆಸಿಲ್ಲ ಅಲ್ವಾ? ಹಾಗಿದ್ರೆ ಇವಳೇ ಇರಲಿ," ಎಂದು ಸಹಿ ಹಾಕಿದ್ದಳು. ಆ ಒಂದು ಮಾತಿಗೆ ಕೋರಾ ಮೂರು ವಾರ ನಿದ್ದೆಗೆಟ್ಟಿದ್ದಳು. ನಂಬಿಸಿ ಕತ್ತು ಕೊಯ್ದಳಲ್ಲ ಮುದುಕಿ!

"ಯಾಕೆ ಸುಳ್ಳು ಹೇಳಿದ್ರಿ? ಮನೆ ಹೋದ್ರೆ ಎಲ್ಲಿಗೆ ಹೋಗ್ತೀರಿ?"

"ಈರಿ ಅನ್ನೋ ಊರಲ್ಲಿ ಅಕ್ಕ ಇದ್ದಾಳೆ. ಅಲ್ಲಿ ಒಬ್ಬಳಿಗೆ ಮಾತ್ರ ಜಾಗ, ಮಗೂ."

"ಇಬ್ಬರಿಗೂ ಮನೆ ಉಳಿಸ್ತೀನಿ, ಬಿಡಿ."

ವಾಂಡಾ ಏನೋ ಹೇಳಹೋದಳು. ಅಷ್ಟರಲ್ಲಿ ಒಳಗಿಂದ ಕೂಗಿದರು.

ಕೋರಾ ಎದ್ದು ನಿಂತು ಲಕೋಟೆ ಮುಂದಿಟ್ಟಳು. ನ್ಯಾಯಾಧೀಶರು ಕನ್ನಡಕ ಏರಿಸಿ ನೋಡಿದರು. ಮನೆ ಮಾಲೀಕನ ವಕೀಲ ತಡವರಿಸಿದ. ನಾಲ್ಕು ನಿಮಿಷದಲ್ಲಿ ಕೇಸು ವಜಾ ಆಯಿತು. ಹ್ಯಾಲೋರನ್ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಹೆಮ್ಮೆಯಿಂದ ಶಿಷ್ಯೆಯ ಕೈ ಕುಲುಕಿದರು.

"ಗೆದ್ವಿ ಅಮ್ಮ! ಇನ್ನು ನಿನ್ನ ಬಿಟ್ಟು ನಾನೆಲ್ಲೂ ಹೋಗಲ್ಲ!" ರೇ ತಾಯಿಯನ್ನು ಬಿಗಿದಪ್ಪಿ, ಕಾರು ತರಲು ಓಡಿದ.

ಕೋರಾಳ ಸಿಟ್ಟು ಮಾತ್ರ ಇಳಿದಿರಲಿಲ್ಲ. ಗೆದ್ದರೂ ಮೋಸ ಮೋಸವೇ.

"ಇನ್ನು ಮೇಲಾದ್ರೂ ನಿಮ್ಮ ವಕೀಲರಿಗೆ ನಿಜ ಹೇಳಿ," ಎಂದಳು.

ವಾಂಡಾ ಬಾಗಿಲ ಕಡೆ ಒಮ್ಮೆ ನೋಡಿದಳು.

"ದಿನಾ ಹೊಡೀತಾನೆ. ಹೆತ್ತ ಮಗ, ಪೊಲೀಸರಿಗೆ ಹೇಳೋಕೆ ಬಾಯಿ ಬರ್ಲಿಲ್ಲ. ಕೋರ್ಟೇ ಮನೆ ಬಿಡಿಸಿದ್ರೆ ಅವನ ದಾರಿ ಅವನಿಗೆ, ನನ್ನ ದಾರಿ ನನಗೆ ಅಂದ್ಕೊಂಡಿದ್ದೆ. ನೀನು ಸೋತೇ ಸೋಲ್ತೀಯ ಅಂತ ನಂಬಿದ್ದೆ, ಮಗೂ."