ಬೈರಗೌಡನ ಕಲ್ಲಿಗೆ ಸಾಕ್ಷಿ

“ಮೂರು ಜಾಲತಾಣ ಅಂದ್ರೆ ಮೂರು ಸಾಕ್ಷಿ ಅಂದ್ಕೊಂಡ್ಯಾ?” ಶ್ರೀಧರ್ ಮೇಷ್ಟ್ರು ಕೀರ್ತನಳ ಪ್ರಬಂಧವನ್ನು ಅವಳತ್ತ ತಳ್ಳಿದರು. “ಒಬ್ಬ ಬರೆದಿದ್ದಾನೆ, ಇನ್ನಿಬ್ಬರು ಕದ್ದಿದ್ದಾರೆ. ಬರೆದವನ ಹೆಸರೂ ಇಲ್ಲ. ಆ ಕಲ್ಲನ್ನ ಕಣ್ಣಾರೆ ನೋಡಿದ್ದೀಯಾ? ಊರಿನವರೂ ಇದೇ ಕಥೆ ಹೇಳಿದ್ರೆ ಇಟ್ಕೊ. ಇಲ್ಲಾಂದ್ರೆ ಈ ಅಧ್ಯಾಯ ಕಿತ್ತು ನಾಳೆ ತಾ.”

ಕಿತ್ತರೆ ಉಳಿಯುವುದು ರಟ್ಟು ಮಾತ್ರ. ದನಗಳ್ಳರನ್ನು ಅಡ್ಡಗಟ್ಟಿ ಸತ್ತ ಬೈರಗೌಡ, ಅವನ ನೆನಪಿಗೆ ನಿಲ್ಲಿಸಿದ ವೀರಗಲ್ಲು. ವರ್ಷದ ದುಡಿಮೆಯೆಲ್ಲ ಆ ಒಂದು ಕಲ್ಲನ್ನು ನಂಬಿ ನಿಂತಿತ್ತು. ದೊಡ್ಡಬಳ್ಳಾಪುರದಲ್ಲಿ ಸಿಕ್ಕ ಬಸ್ಸು ಹತ್ತಿದಳು. ಸೀಟಿದ್ದರೂ ಕೂರಲಾಗಲಿಲ್ಲ.

ಅದೇ ತಾಲ್ಲೂಕಿನ ಮಧುರೆಯಲ್ಲಿ ಇಳಿದು ಪಕ್ಕದ ಹಳ್ಳಿಗೆ ನಡೆದಳು. ಕಲ್ಲು ಎದುರಿಗೇ ಸಿಕ್ಕಿತು. ಕೆತ್ತನೆ ಸವೆದು ಬರೀ ಉಬ್ಬುತಗ್ಗು. ಆದರೆ ಮೈತುಂಬ ಅರಿಶಿನ ಕುಂಕುಮ, ಮೇಲೆ ಕನಕಾಂಬರದ ದಂಡೆ, ಸುತ್ತ ಸಿಮೆಂಟಿನ ಕಟ್ಟೆ. ಊರು ಸುಮ್ಮನೆ ಕೈ ಮುಗಿಯುತ್ತದೆಯೇ?

ಎದುರು ಮನೆಯ ಜಗಲಿಯಲ್ಲಿ ದೊಡ್ಡಮುನಿಯಪ್ಪ ಎಂಬ ಮುದುಕರು ಕೂತಿದ್ದರು. ಕೇಳಿದ್ದೇ ತಡ, ಶುರುಮಾಡಿದರು. ದನಗಳ್ಳರು, ಬೈರಗೌಡ, ಪಕ್ಕೆಗೆ ನಾಟಿದ ಈಟಿ. ಅವಳು ಓದಿದ್ದಕ್ಕಿಂತ ಒಂದಕ್ಷರ ಆಚೀಚೆ ಇಲ್ಲ.

“ತಾತ, ಇದನ್ನ ಫೋನಲ್ಲಿ ಓದಿದ್ರಾ?”

“ನಂಗೆಲ್ಲವ್ವ ಓದೋಕೆ ಬರುತ್ತೆ? ನಂದು ಬಟನ್ ಫೋನು. ಅದ್ರಲ್ಲಿ ಮಗಳ ನಂಬರ್ ಹುಡುಕೋಕೂ ನಮ್ಮವಳೇ ಬೇಕು.”

“ನೀವೇ ಕಟ್ಟಿದ ಕಥೆ ಅಲ್ವಲ್ಲ?”

“ಪೊಲೀಸಿನೋರ ಥರ ಕೇಳ್ತೀಯಲ್ಲವ್ವ! ಊರಲ್ಲಿ ಯಾರನ್ನಾದ್ರೂ ಕೇಳು ಹೋಗು, ಇದನ್ನೇ ಹೇಳ್ತಾರೆ.”

ಕೇಳಿದಳು. ಅಂಗಡಿಯವರೂ ಹಾಲಿನ ಡೈರಿಯವರೂ ಅದನ್ನೇ ಹೇಳಿದರು. ಎಲ್ಲವನ್ನೂ ರೆಕಾರ್ಡ್ ಮಾಡಿ ಮೇಷ್ಟ್ರಿಗೆ ಕಳಿಸಿ, ಜಗಲಿಗೆ ವಾಪಸ್ಸು ಬಂದು, ಫೋನನ್ನೇ ನೋಡುತ್ತ ನಿಂತಳು. ಉತ್ತರ ಬಂತು: “ಗಟ್ಟಿ ಸಾಕ್ಷಿ. ಇಟ್ಕೊ.”

ಬೆಳಗಿನಿಂದ ಮೊದಲ ಸಲ ಕೂತಳು.

ದೊಡ್ಡಮುನಿಯಪ್ಪನವರ ಹೆಂಡತಿ ಮುನಿಲಕ್ಷ್ಮಮ್ಮ ಮಜ್ಜಿಗೆ ತಂದುಕೊಟ್ಟರು. ಕಲ್ಲಿನತ್ತ ತಿರುಗಿ ಗಲ್ಲ ತಟ್ಟಿಕೊಂಡರು.

“ಹೋದ ವರ್ಷದವರೆಗೂ ಇದರ ಮೇಲೇ ಬಟ್ಟೆ ಒಗೀತಿದ್ದೆ ಕಣವ್ವ, ನಿನ್ನಂಗೇ ಒಬ್ಬಳು ಕಾಲೇಜು ಹುಡುಗಿ ಬಂದು, ಫೋನ್ ನೋಡ್ಕೊಂಡು ಈ ಕಥೆ ಓದಿ ಹೇಳಿದ ಮೇಲೇ ನಮಗೂ ಗೊತ್ತಾಗಿದ್ದು.”