ಶನಿವಾರದ ಕ್ರಿಕೆಟ್

"ಅಣ್ಣಾರ, ಮ್ಯಾಚ್ ಇನ್ನೂ ಮುಗದಿಲ್ಲೇನ್ರಿ? ಇವರು ಫೋನ್ ಎತ್ತವಲ್ರು."

ಮಧ್ಯಾಹ್ನ ಫೋನಿನಲ್ಲಿ ಗೆಳೆಯನ ಹೆಂಡತಿ ಚಂದ್ರಿಕಾಳ ದನಿ ಕೇಳಿದ್ದೇ ತಡ, ಅಜಿತನ ಬಾಯಿಗೆ ಸುಳ್ಳು ತಾನಾಗಿ ಬಂತು. ಮ್ಯಾಚ್ ಈಗಷ್ಟೇ ಮುಗಿಯಿತು, ಹುಡುಗರೆಲ್ಲ ಏನೋ ತಿನ್ನಲು ಹೋಗಿದ್ದಾರೆ, ಬಂದೇಬಿಡುತ್ತಾನೆ ಎಂದ.

ಶನಿವಾರ ಬಂತೆಂದರೆ ಆಕ್ಲೆಂಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಮಾಲ್, ಕೆಲವರಿಗೆ ಬಾರ್ಬೆಕ್ಯೂ. ಚಂದ್ರಿಕಾಳ ಗಂಡ ವೀರಭದ್ರಪ್ಪನಿಗೆ ಪಡುವಣ ಕಡಲಿನ ಬಂಡೆಯ ಮೇಲೆ ಗಾಳ ಹಾಕಿ ಕೂರುವುದು. ತಿನ್ನುವುದಕ್ಕಲ್ಲ, ಸಿಕ್ಕ ಮೀನನ್ನು ಕೊಕ್ಕೆ ಬಿಡಿಸಿ ನೀರಿಗೇ ಬಿಡುತ್ತಿದ್ದ. ವಾರವೆಲ್ಲ ಆಫೀಸಿನಲ್ಲಿ ತಲೆ ತಿನ್ನಿಸಿಕೊಂಡವನಿಗೆ ಯಾರೂ ಏನೂ ಕೇಳದ ಜಾಗ ಅದೊಂದೇ. ಆದರೆ ಅವರದು ಲಿಂಗ ಕಟ್ಟಿದ ಮನೆತನ. ಹುಬ್ಬಳ್ಳಿಯಿಂದ ಬಂದು ಮಗನ ಜೊತೆಗೇ ಇದ್ದ ತಾಯಿ ಸುಶೀಲಮ್ಮ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಹಾಗಾಗಿ ಗಾಳ ಅಜಿತನ ಗ್ಯಾರೇಜಿನಲ್ಲಿ, ಮನೆಯಲ್ಲಿ ಕ್ರಿಕೆಟ್ಟಿನ ಕಥೆ. ಯಾವತ್ತೂ ಇಬ್ಬರೂ ಕೂಡಿಯೇ ಹೋಗುತ್ತಿದ್ದರು. ಇವತ್ತು ಅಜಿತನ ಮಗಳಿಗೆ ಜ್ವರ. ವೀರಭದ್ರಪ್ಪ ಒಬ್ಬನೇ ಹೋಗಿದ್ದ.

ಅಜಿತ್ ತಾನೂ ಫೋನ್ ಮಾಡಿ ನೋಡಿದ. ಸಂಪರ್ಕ ಸಿಗಲಿಲ್ಲ. ಆ ದಂಡೆಯಲ್ಲಿ ನೆಟ್‌ವರ್ಕ್ ಸಿಗುವುದೇ ಅಪರೂಪ ಎಂದು ಸಮಾಧಾನ ಮಾಡಿಕೊಂಡ. ಮಗಳಿಗೆ ಔಷಧ ಕುಡಿಸಿ, ಪಾತ್ರೆ ತೊಳೆದ. ಮುಸ್ಸಂಜೆಯ ಹೊತ್ತಿಗೆ ಚಂದ್ರಿಕಾ ಮತ್ತೆ ಫೋನ್ ಮಾಡಿದಳು.

"ಮೈದಾನದಾಗ ನಿಂತೀನ್ರಿ. ನಾಯಿ ಅಡ್ಡಾಡಿಸೋರ್ನ ಬಿಟ್ರ ಇಲ್ಲಿ ಯಾರೂ ಇಲ್ಲ. ಖರೇ ಹೇಳ್ರಿ, ಇವರು ಎಲ್ಲದಾರ?"

ಪಕ್ಕದಲ್ಲಿ ಅತ್ತೆ ಇದ್ದಾರಾ ಎಂದು ಕೇಳಿದ. ಇದ್ದಾರೆ ಎಂದಳು. ಆದರೂ ಎಲ್ಲ ಹೇಳಿ, ಪೊಲೀಸರಿಗೂ ತಾನೇ ಫೋನ್ ಮಾಡಿದ.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅಜಿತ್, ಚಂದ್ರಿಕಾ ಮತ್ತು ಸುಶೀಲಮ್ಮನ ಜೊತೆ ಕಡಲು ತಲುಪುವಷ್ಟರಲ್ಲಿ ಹೆಲಿಕಾಪ್ಟರ್ ಬಂಡೆಗಳ ಮೇಲೆ ಸುತ್ತು ಹಾಕುತ್ತಿತ್ತು. ವೀರಭದ್ರಪ್ಪನ ಕಾರು ನಿಲ್ಲಿಸಿದಲ್ಲೇ ಇತ್ತು. ಬಂಡೆಯ ಮೇಲೆ ಊಟದ ಡಬ್ಬಿ ಮಾತ್ರ ಸಿಕ್ಕಿತ್ತು. ಪೊಲೀಸ್ ಹೆಂಗಸೊಬ್ಬಳು ಅಜಿತನನ್ನು ಬದಿಗೆ ಕರೆದು, ದಂಡೆ ಕಾಯುವವರ ದೋಣಿ ಸಂಜೆಯವರೆಗೂ ಇಲ್ಲೇ ಇತ್ತಲ್ಲ, ಬೆಳಕಿದ್ದಾಗಲೇ ಯಾಕೆ ತಿಳಿಸಲಿಲ್ಲ ಎಂದು ಮೆಲ್ಲಗೆ ಕೇಳಿದಳು.

ಚಂದ್ರಿಕಾ ನೀರಿನಂಚಿಗೆ ಹೋಗಿ ನಿಂತಿದ್ದಳು. ಮರಳಿನಲ್ಲಿ ಕೂತಿದ್ದ ಸುಶೀಲಮ್ಮನ ಮುಂದೆ ಅಜಿತ್ ಮಂಡಿಯೂರಿದ. ನಿಮಗೆ ಗೊತ್ತಾಗಬಾರದು ಅಂತ ಇಷ್ಟು ದಿನ ಮುಚ್ಚಿಟ್ಟೆವು ಎಂದ.

"ಅವನ ಅಂಗಿ ಒಗಿಯಾಕಿ ನಾನ, ತಮ್ಮಾ. ಮೀನಿನ ನಾತ ನನಗ ತಿಳಿಯಂಗಿಲ್ಲೇನು?" ಸುಶೀಲಮ್ಮನ ಕಣ್ಣು ಅಲೆಗಳಿಂದ ಕದಲಲಿಲ್ಲ. "ಕೇಳಿದ್ರ ಎಲ್ಲಿ ಗಾಳ ಹಾಕೋದು ಬಿಟ್ಟಬಿಡ್ತಾನೋ ಅಂತ ಸುಮ್ನಿದ್ದೆ."