ಮುದುಕಿಯ ಇಪ್ಪತ್ತನಾಲ್ಕನೇ ಚಳಿಗಾಲ

ರೊಸೆಲ್ಲಾ ಕೋಳಿಗೂಡಿನಿಂದ ಮೊಟ್ಟೆ ಹಿಡಿದು ಬರುವಷ್ಟರಲ್ಲಿ ಅಳಿಯ ಡಾರಿಯೊ ಅವಳ ಕಾರನ್ನು ತೊಳೆದು ಮುಗಿಸಿದ್ದ. ಮೇಲಷ್ಟೇ ತೊಳೆದಿದ್ದರೆ ಆಕೆ ಏನೂ ಅನ್ನುತ್ತಿರಲಿಲ್ಲ. ಅವನು ಜಲ್ಲಿ ಹಾಸಿದ ಅಂಗಳದಲ್ಲಿ ಅಂಗಾತ ಮಲಗಿ, ಬಿಸಿನೀರು, ಜಿಡ್ಡು ಬಿಡಿಸುವ ಸೋಪು, ಉದ್ದನೆಯ ಬ್ರಷ್ಷು ಹಿಡಿದು ಕಾರಿನ ಹೊಟ್ಟೆಯನ್ನೆಲ್ಲ ಉಜ್ಜಿದ್ದ. ರಾತ್ರಿ ಬಿದ್ದ ವರ್ಷದ ಮೊದಲ ಹಿಮದ ಮೇಲೆ ಕರಿ ರಾಡಿ ಹರಿದು ಗೇಟಿನ ತನಕ ಹೋಗಿತ್ತು.

"ಎಷ್ಟು ವರ್ಷದ ಕೊಳೆಯೋ ಏನೋ ಅತ್ತೆ. ಎಣ್ಣೆಜಿಡ್ಡಿನ ಮೇಲೆ ಧೂಳು ಕೂತು ಕಲ್ಲಾಗಿತ್ತು. ಒಂದು ಚೂರೂ ಬಿಟ್ಟಿಲ್ಲ."

"ಒಂದು ಚೂರೂ?"

"ಬೇಕಾದ್ರೆ ಬಗ್ಗಿ ನೋಡಿ."

ರೊಸೆಲ್ಲಾ ಮೊಟ್ಟೆಯ ಬುಟ್ಟಿಯನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟಳು. ಆ ಕೊಳೆ ಅವಳೇ ಹಚ್ಚಿದ್ದು. ಪ್ರತಿ ಸೆಪ್ಟೆಂಬರಿನಲ್ಲಿ ಗ್ಯಾರೇಜಿನ ಕ್ಲೋವಿಸ್ ಕಾರಿನ ಅಡಿಗೆ ಎಣ್ಣೆ ಸಿಂಪಡಿಸಿ ಕೊಡುತ್ತಿದ್ದ. ಎಣ್ಣೆ ಹಸಿಯಿರುವಾಗಲೇ ಆಕೆ ಆಲೂಗಡ್ಡೆ ಹೊಲಗಳ ನಡುವಿನ ಮಣ್ಣುರಸ್ತೆಯಲ್ಲಿ ನಾಲ್ಕು ಸಲ ಹೋಗಿ ಬಂದು ಎದ್ದಷ್ಟು ಧೂಳನ್ನೂ ಅದಕ್ಕೆ ಮೆತ್ತಿಸಿಕೊಂಡು ಬರುತ್ತಿದ್ದಳು. ಎಣ್ಣೆಯೂ ಧೂಳೂ ಸೇರಿ ಕವಚ ಕಟ್ಟಿತೆಂದರೆ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣವನ್ನು ಮುಟ್ಟಲಾರದು. ಇಪ್ಪತ್ತಮೂರು ಚಳಿಗಾಲ ಹಾಗೇ ಕಳೆದಿತ್ತು. ಈಗ ನೋಡಿದರೆ, ಕೂಸಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟನ್ನು ಯಾರೋ ಮುದ್ದು ಮಾಡುತ್ತಲೇ ಒರೆಸಿಬಿಟ್ಟ ಹಾಗಾಗಿತ್ತು. ಉಪ್ಪಿನ ಲಾರಿಯಂತೂ ಬೆಳಗಾಗುವ ಮೊದಲೇ ಮನೆಯ ಮುಂದೆ ಗುಡುಗಿಕೊಂಡು ಹೋಗಿ ಆಗಿತ್ತು.

ಪ್ರತಿ ಮಾರ್ಚಿನಲ್ಲಿ ಕ್ಲೋವಿಸ್ ಕಾರನ್ನು ಮೇಲಕ್ಕೆತ್ತಿ ಸ್ಕ್ರೂಡ್ರೈವರಿನಿಂದ ಹೊಟ್ಟೆ ಚುಚ್ಚಿ ನೋಡುತ್ತಾನೆ. ಅದರ ಮೊನೆ ಎಲ್ಲಾದರೂ ತುಕ್ಕು ತೂರಿ ಒಳಗಿಳಿಯಿತೋ, ಕಾರು ಓಡಿಸಲು ಯೋಗ್ಯ ಎಂದು ಗಾಜಿಗೆ ಅಂಟಿಸುವ ವರ್ಷದ ಚೀಟಿ ಸಿಗುವುದಿಲ್ಲ. ಚೀಟಿ ಸಿಗದ ದಿನ ಈ ಮುದುಕಿ ಕಾರನ್ನು ಗುಜರಿಗೆ ಹಾಕು, ಎಲ್ಲಿಗೆ ಬೇಕಾದರೂ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಗಳು ಆನಿಕ್ ಖಡಾಖಂಡಿತವಾಗಿ ಹೇಳಿದ್ದಳು. ಅದು ಪ್ರೀತಿಯ ಮಾತೇ. ಆದರೆ ಬುಧವಾರ ಬುಧವಾರ ನದಿಯ ಪಕ್ಕದಲ್ಲೇ ಮೂವತ್ತು ಮೈಲಿ, ಬಾಯಿಗೆ ಬಂದ ಹಾಡು ಹೇಳಿಕೊಂಡು, ಗೆಳತಿಯರ ಜತೆ ಇಸ್ಪೀಟಾಡಲು ಒಬ್ಬಳೇ ಹೋಗುವ ಸುಖ ಮಗಳ ಕಾರಿನ ಹಿಂದಿನ ಸೀಟಿನಲ್ಲಿ ಎಲ್ಲಿ ಬರಬೇಕು?

ಆಕೆ ಅಳಿಯನ ಮುಖ ನೋಡಿದಳು. ಮರುಭೂಮಿಯ ಹುಡುಗ. ಅವನ ಊರಿನಲ್ಲಿ ಕಾರುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ಮುಪ್ಪಾಗುತ್ತವೆಯೇ ಹೊರತು ತುಕ್ಕು ಹಿಡಿದು ಸಾಯುವುದಿಲ್ಲವಂತೆ. ಬಂದು ಎರಡು ತಿಂಗಳಾಗಿತ್ತು; ಅತ್ತೆಯಿಂದ ಒಂದು ಭೇಷ್ ಅನ್ನಿಸಿಕೊಳ್ಳಲು ಏನಾದರೂ ಕೆಲಸ ಹುಡುಕುತ್ತಲೇ ಇದ್ದ. ಈಗ ಗದರಿದರೆ ಇನ್ನು ಈ ಮನೆಯಲ್ಲಿ ಒಂದು ಲೋಟ ಎತ್ತಿಡಲೂ ಹೆದರುತ್ತಾನೆ. ಹಾಗಾಗಿ ದನಿ ಏರಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೈಯಲ್ಲಿದ್ದ ಬ್ರಷ್ಷನ್ನು ಹಾವು ಹಿಡಿದವನ ಹಾಗೆ ನೋಡಿಕೊಂಡ.

"ಈಗ್ಲೇ ಆ ರಸ್ತೇಲಿ ಓಡಿಸ್ಕೊಂಡು ಬರ್ಲಾ?"

"ಮಣ್ಣು ಹೆಪ್ಪುಗಟ್ಟಿದೆ ಮಗಾ. ಇನ್ನು ಧೂಳು ಏಳೋದು ಬೇಸಿಗೆಗೇ."

ಕ್ಲೋವಿಸ್ ಗ್ಯಾರೇಜಿಗೆ ಬೀಗ ಹಾಕಿ ಜಿಂಕೆ ಬೇಟೆಗೆ ಕಾಡು ಸೇರಿ ಎರಡು ದಿನವಾಗಿತ್ತು. ಮರ ಕೊಯ್ಯುವ ಗರಗಸಕ್ಕೆ ಹಾಕುವ ಎಣ್ಣೆ ಶೆಡ್ಡಿನಲ್ಲಿತ್ತು, ಸರಿ. ಧೂಳಿಗೆ ಏನು ಮಾಡುವುದು? ಒಲೆಯ ಬೂದಿ ನೀರು ತಾಗಿದರೆ ಕಬ್ಬಿಣವನ್ನೇ ತಿಂದೀತು, ಮರದ ಹೊಟ್ಟು ನೀರು ಕುಡಿದು ಕೂತೀತು. ರೊಸೆಲ್ಲಾ ಒಂದು ಗಳಿಗೆ ಯೋಚಿಸಿ ನೆಲಮಾಳಿಗೆಗೆ ಇಳಿದು ಒಂದು ಮೂಟೆಯನ್ನು ದರದರ ಎಳೆದು ತಂದಳು. ಬಕ್‌ವೀಟ್ ಎಂಬ ಕಾಳಿನ ಹಿಟ್ಟು, ಧೂಳಿನಷ್ಟೇ ನುಣ್ಣಗಿನದು, ಒಂದೇ ಮಗ್ಗುಲು ಬೇಯಿಸುವ ಪ್ಲಾಯ್ ದೋಸೆಗೆಂದು ಇಡೀ ಚಳಿಗಾಲಕ್ಕೆ ಬೀಸಿಸಿ ಇಟ್ಟದ್ದು.

"ಅತ್ತೆ, ಇದು ನಾವು ತಿನ್ನೋದಲ್ವಾ?"

"ನಾವು ತಿಂದ್ರೆ ಮಾರ್ಚಿವರೆಗೆ ಬರತ್ತೆ. ಅವಳಿಗೆ ತಿನ್ಸಿದ್ರೆ ಮುಂದಿನ ಮಾರ್ಚಿವರೆಗೆ ಓಡ್ತಾಳೆ. ನೀನು ಎಣ್ಣೆ ಹಚ್ಚು, ನಾನು ಎರಚ್ತೀನಿ."

ಸ್ವಲ್ಪ ಹೊತ್ತಿಗೆ ಆನಿಕ್ ಬಾಗಿಲಿಗೆ ಬಂದು ನೋಡಿದರೆ ಕಾರಿನ ಅಡಿಯಿಂದ ನಾಲ್ಕು ಕಾಲುಗಳೂ ಬಿಳಿ ಹೊಗೆಯೂ ಹೊರಗೆ ಬರುತ್ತಿದ್ದವು. ಏನು ನಡೆದಿದೆ ಅಲ್ಲಿ ಎಂದು ಕೇಳಿದಳು. ಅಡಿಯಿಂದ ಎರಡು ನಗು ಕೇಳಿಸಿತು.

ಆ ಚಳಿಗಾಲ ಮನೆಯಲ್ಲಿ ಪ್ಲಾಯ್ ಇಲ್ಲ; ಎಲ್ಲರೂ ಅಂಗಡಿಯ ಬ್ರೆಡ್ಡು ತಿಂದರು. ಕಾರು ಮಾತ್ರ ಸೈಲೆನ್ಸರ್ ಕಾದಾಗಲೆಲ್ಲ ಕಾವಲಿಯ ಪರಿಮಳ ಬಿಡುತ್ತ ಓಡಾಡಿತು. ಅಂಚೆಕಚೇರಿಯ ಮುಂದೆ ನಿಂತರೆ ಸಾಲಿನಲ್ಲಿದ್ದವರು ಮೂಗರಳಿಸುತ್ತಿದ್ದರು, ಚರ್ಚಿನ ಮುಂದೆ ನಿಂತರೆ ಪ್ರವಚನದ ಮಧ್ಯೆಯೇ ಜನಕ್ಕೆ ಹಸಿವಾಗುತ್ತಿತ್ತು. ಬುಧವಾರಗಳಂದು ರೊಸೆಲ್ಲಾ ಹೊರಡುವ ಮೊದಲು ಡಾರಿಯೊ ಹಿಮದಲ್ಲಿ ಮಲಗಿ, ಟಾರ್ಚು ಬಿಟ್ಟು, ಎಲ್ಲೂ ಉದುರಿಲ್ಲ ಅತ್ತೆ, ಹೋಗಿ ಬನ್ನಿ ಎನ್ನುತ್ತಿದ್ದ.

ಮಾರ್ಚಿನಲ್ಲಿ ಕ್ಲೋವಿಸ್ ಕಾರನ್ನು ಮೇಲಕ್ಕೆತ್ತಿದಾಗ ಡಾರಿಯೊ ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ ಟೋಪಿ ಹಿಂಡುತ್ತಿದ್ದ. ಸ್ಕ್ರೂಡ್ರೈವರು ಮುಂದಿನಿಂದ ಹಿಂದಕ್ಕೆ ಕುಟ್ಟುತ್ತ ಹೋಯಿತು. ಪ್ರತಿ ಪೆಟ್ಟಿಗೂ ಗಟ್ಟಿ ಕಬ್ಬಿಣ ಟಣ್ ಎಂದಿತು. ಸೈಲೆನ್ಸರಿನ ಹತ್ತಿರ ಸದ್ದು ನಿಂತಿತು. ಏನನ್ನೋ ಕೆರೆದ ಸಪ್ಪಳ, ಆಮೇಲೆ ಮೂಸಿದ ಸಪ್ಪಳ. ಕ್ಲೋವಿಸ್ ಕಾರಿನ ಅಡಿಯಿಂದ ತಲೆ ಹೊರಹಾಕಿದ. ಅವನ ಅಂಗೈಯಲ್ಲಿ ತಟ್ಟೆಯಗಲದ, ಕೆಂಪಗೆ ಬೆಂದ, ಒಂದೇ ಮಗ್ಗುಲಿನ ಹಕ್ಕಳೆಯಿತ್ತು.

"ಚೀಟಿ ಆಮೇಲೆ ಅಂಟಿಸ್ತೀನಿ ರೊಸೆಲ್ಲಾ," ಎಂದ. "ಬೆಣ್ಣೆ ತಂದಿದ್ದೀಯಾ?"